ಸೈನ್ಸ್ ಪೀರಿಯಡ್‌ನಲ್ಲಿ ಓದೋದು ಕಲಿಸಿದ್ರೆ ತಪ್ಪಾ? – ಒಬ್ಬ ಹೈಸ್ಕೂಲ್ ಟೀಚರ್ ಬಹಿರಂಗ ಪತ್ರ

ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಪಠ್ಯಪುಸ್ತಕ ಬರೆಯೋ ಮಹನೀಯರಿಗೆ, ಮತ್ತೆ ಸ್ಟಾಫ್ ರೂಮಲ್ಲಿ ಕೂತು ಇದನ್ನ ಮೊಬೈಲಲ್ಲಿ ಓದ್ತಿರೋ ನನ್ನ ಜೊತೆಯ ಟೀಚರ್‌ಗಳಿಗೆ,

ನಮಸ್ಕಾರ. ನಾನು ಮಧ್ಯ ಕರ್ನಾಟಕದ ಒಂದು ಸರ್ಕಾರಿ ಹೈಸ್ಕೂಲಲ್ಲಿ ಸಿಬಿಝೆಡ್ ಟೀಚರ್, ಅಂದ್ರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಬಂದ ಸೈನ್ಸ್ ಟೀಚರ್. ಸರ್ವೀಸ್ ಹದಿನಾರು ವರ್ಷ. ಹೆಸರು, ಊರು ಹಾಕಿಲ್ಲ, ಯಾಕೆ ಅಂತ ಸರ್ಕಾರಿ ನೌಕರಿಲಿ ಇರೋರಿಗೆ ಬಿಡಿಸಿ ಹೇಳ್ಬೇಕಿಲ್ಲ.

ಹೋದ ವರ್ಷ ನಡೆದಿದ್ದು ಹೇಳ್ತೀನಿ. ಹತ್ತನೇ ಕ್ಲಾಸು, ಜೀವಕ್ರಿಯೆಗಳು ಪಾಠ. ಬೋರ್ಡ್ ಮೇಲೆ "ಪತ್ರಹರಿತ್ತು" ಅಂತ ದೊಡ್ಡದಾಗಿ ಬರೆದು ಮಧ್ಯೆ ಒಂದು ಗೀಟು ಎಳೆದಿದ್ದೆ, ಪತ್ರ ಒಂದ್ಕಡೆ, ಹರಿತ್ತು ಒಂದ್ಕಡೆ. ಪತ್ರ ಅಂದ್ರೆ ಏನ್ರೋ ಅಂತ ಕೇಳಿದ್ರೆ ಅರ್ಧ ಕ್ಲಾಸು "ಲೆಟರ್ ಮೇಡಂ" ಅಂತು, ಒಬ್ಬ "ಪಹಣಿ ಪತ್ರ ಮೇಡಂ" ಅಂದ, ಅವರಪ್ಪ ಆ ವಾರ ನಾಡಕಚೇರಿಗೆ ಅಲೀತಿದ್ರು ಅಂತ ಕಾಣುತ್ತೆ. ಸರಿ, ಶಿವರಾತ್ರಿಲಿ ಶಿವನಿಗೆ ಏನ್ ಏರಿಸ್ತೀರಿ ಅಂದೆ. ಬಿಲ್ವಪತ್ರೆ ಅಂದ್ರು. ಅದೇನ್ ಲೆಟ್ರಾ? ಒಂದ್ ಕ್ಷಣ ಎಲ್ಲಾ ಸುಮ್ನೆ, ಆಮೇಲೆ ಹಿಂದಿನ ಬೆಂಚಿನ ಒಬ್ಳು ಹುಡುಗಿ "ಓ, ಎಲೆ!" ಅಂತ ಕೂಗಿದ್ಲು, ಅವಳ ಅಮ್ಮನ ತವರು ಉಡುಪಿ ಕಡೆ, ತಕ್ಷಣ "ಪತ್ರೊಡೆನೂ ಅದಕ್ಕೇನಾ ಮೇಡಂ" ಅಂತ ಕೇಳಿದ್ಲು. ಹೌದಮ್ಮಾ ಅದಕ್ಕೇ. ಹರಿತ್ತು ಅಂದ್ರೆ ಹಸಿರು. ಎಲೆ ಹಸಿರು. ಮುಗೀತು.

ಅಷ್ಟೊತ್ತಿಗೆ ಬಾಗಿಲಲ್ಲಿ ಸಾಹೇಬ್ರು. ವಿಸಿಟ್‌ಗೆ ಬಂದಿದ್ರು. ಬೋರ್ಡ್ ನೋಡಿದ್ರು, ನನ್ನ ನೋಡಿದ್ರು, "ಮೇಡಂ ಇದು ಸೈನ್ಸ್ ಪೀರಿಯಡ್ ಅಲ್ವಾ, ಕನ್ನಡ ವ್ಯಾಕರಣ ನಡೀತಾ ಇದೆಯಲ್ಲ" ಅಂದ್ರು. ಮಕ್ಕಳು ನಕ್ಕರು. ನಾನು ಏನೋ ತಡವರಿಸಿದೆ. ಹೋಗುವಾಗ ವಿಸಿಟ್ ಬುಕ್ಕಲ್ಲಿ "ವಿಷಯಕ್ಕೆ ಹೆಚ್ಚಿನ ಒತ್ತು ನೀಡಲು ಸೂಚಿಸಿದೆ" ಅಂತ ಬರೆದು ಸೈನ್ ಹಾಕಿದ್ರು. ಅವರ ಮೇಲೆ ನಂಗೆ ಸಿಟ್ಟಿಲ್ಲ, ನಿಜವಾಗ್ಲೂ ಇಲ್ಲ, ಹತ್ತು ವರ್ಷದ ಹಿಂದೆ ನಾನೇ ಆಗಿದ್ರೂ ಅದೇ ಅಂತಿದ್ದೆ. ಆದ್ರೆ ಅವತ್ತು ಬಾಯಿಗೆ ಬರದೇ ಇದ್ದ ಉತ್ತರ ಇವತ್ತು ಬರೀತಾ ಇದೀನಿ.

ಉತ್ತರ ಇಷ್ಟೇ. ವಿಜ್ಞಾನದ ಪುಟ ಓದೋದನ್ನ ವಿಜ್ಞಾನದ ಟೀಚರೇ ಕಲಿಸ್ಬೇಕು. ಲೆಕ್ಕದ ಪುಟ ಲೆಕ್ಕದ ಸರ್ ಕಲಿಸ್ಬೇಕು, ಇತಿಹಾಸದ ಪುಟ ಸಮಾಜದ ಮೇಡಂ ಕಲಿಸ್ಬೇಕು. ಕನ್ನಡದ ಸರ್ ಒಬ್ರ ಕೈಲಿ ಆಗೋ ಕೆಲಸ ಅಲ್ಲ ಇದು, ಯಾಕಂದ್ರೆ ಒಂದೊಂದು ವಿಷಯದಲ್ಲಿ ಕನ್ನಡ ಒಂದೊಂದು ಥರ ಇರುತ್ತೆ. ಅದಕ್ಕೆ ನಮ್ಗೆ ಪೀರಿಯಡ್ಡಲ್ಲಿ ಟೈಮ್ ಕೊಡಿ, ಕದ್ದು ಮುಚ್ಚಿ ಮಾಡೋ ಹಂಗೆ ಮಾಡ್ಬೇಡಿ.

ನಂಗೆ ಇದು ತಲೆಗೆ ಹೋಗಿದ್ದು ಒಬ್ಬ ಹುಡುಗನಿಂದ. ಬಾಯಲ್ಲಿ ಏನು ಕೇಳಿದ್ರೂ ಹೇಳ್ತಿದ್ದ, ಅವರ ಮನೇಲಿ ಅಡಿಕೆ ತೋಟ, ಗಿಡದ ವಿಷಯ ನಂಗಿಂತ ಚೆನ್ನಾಗೇ ಗೊತ್ತು. ಎಫ್ಎ ಟೆಸ್ಟಲ್ಲಿ ಇಪ್ಪತ್ತಕ್ಕೆ ಮೂರು. ಖಾಲಿ ಪೇಪರ್. ಕರೆದು ಕೂರಿಸಿ ಅದೇ ಪ್ರಶ್ನೆನ ನಾನೇ ಓದಿ ಹೇಳಿದೆ, ಉಸಿರು ಬಿಡದೆ ಉತ್ತರ ಹೇಳ್ದ, ಮಧ್ಯಾಹ್ನ ಬಿಸಿಲಿಗೆ ಎಲೆ ಯಾಕೆ ಬಾಡುತ್ತೆ ಸಂಜೆ ಯಾಕೆ ಮತ್ತೆ ನೆಟ್ಟಗಾಗುತ್ತೆ ಎಲ್ಲಾ. ಅವನಿಗೆ ಸೈನ್ಸ್ ಬರ್ತಿತ್ತು, ಪ್ರಶ್ನೆ ಓದೋಕೆ ಬರ್ತಿರ್ಲಿಲ್ಲ. ನಾನು ಎರಡು ವರ್ಷದಿಂದ ಅವನಿಗೆ ಸೈನ್ಸ್ ಬರಲ್ಲ ಅಂತ ಪ್ರೋಗ್ರೆಸ್ ಕಾರ್ಡಲ್ಲಿ ಬರೀತಾ ಬಂದಿದ್ದೆ.

ಇನ್ನೊಂದು ಥರದವರೂ ಇದಾರೆ, ಅವರೇ ಜಾಸ್ತಿ. ನೀರು ಕುಡಿದಂಗೆ ಓದ್ತಾರೆ, ಒತ್ತಕ್ಷರಕ್ಕೂ ತಡವರಿಸಲ್ಲ, ಪ್ಯಾರಾ ಮುಗಿದ ಮೇಲೆ ಏನ್ ಓದ್ದೆ ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ. ಅಕ್ಷರ ಬಾಯಿಂದ ಆಚೆ ಹೋಗಿರುತ್ತೆ, ಒಳಗೆ ಹೋಗಿರಲ್ಲ. ಇಂಥೋರನ್ನ ನಾವು "ಚೆನ್ನಾಗಿ ಓದ್ತಾನೆ" ಅಂತ ಲಿಸ್ಟ್ ಮಾಡಿ ಬಿಟ್ಟಿರ್ತೀವಿ.

ಕೆಳಗಿನ ಕ್ಲಾಸಲ್ಲಿ ಕೆಲಸ ನಡೀತಿಲ್ಲ ಅಂತಲ್ಲ. 1995ರಲ್ಲಿ ಎಚ್.ಡಿ. ಕೋಟೆಲಿ ಶುರುವಾದ ನಲಿಕಲಿ ಇದೆ, ಅಆಇಈ ಬಿಟ್ಟು "ರ ಗ ಸ ದ ಅ" ಇಂದ ಓದು ಶುರು ಮಾಡಿಸಿದ್ದು ಸಣ್ಣ ವಿಷಯ ಅಲ್ಲ. ನಾಲ್ಕು ಐದನೇ ಕ್ಲಾಸಿಗೆ ಓದು ಕರ್ನಾಟಕ ಬಂತು, ಕೋವಿಡ್ ಆದ ಮೇಲೆ 2022-23ರಲ್ಲಿ ಇಡೀ ವರ್ಷ ಒಂಬತ್ತನೇ ಕ್ಲಾಸಿನವರೆಗೂ ಕಲಿಕಾ ಚೇತರಿಕೆ ಮಾಡಿದ್ವಿ, ಕೇಂದ್ರದ ನಿಪುಣ್ ಭಾರತ್ ಗುರಿ 2026-27ರ ಹೊತ್ತಿಗೆ ಮೂರನೇ ಕ್ಲಾಸಿನ ಪ್ರತಿ ಮಗು ಅರ್ಥ ಮಾಡ್ಕೊಂಡು ಓದ್ಬೇಕು ಅನ್ನೋದು. ಎಲ್ಲಾ ಸರಿ. ಆದ್ರೆ ಆ ಚೇತರಿಕೆ ವರ್ಷ ಬಿಟ್ರೆ ಓದೋದು ಕಲಿಸೋ ಕೆಲಸ ಐದನೇ ಕ್ಲಾಸಿನ ಗೇಟಲ್ಲೇ ನಿಂತುಬಿಡುತ್ತೆ. ಅಸರ್ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ಎರಡನೇ ಕ್ಲಾಸಿನ ಪಾಠ ಓದೋಕೆ ಬರ್ತಿದ್ದ ಐದನೇ ಕ್ಲಾಸ್ ಮಕ್ಕಳು 2018ರಲ್ಲಿ ನೂರಕ್ಕೆ 50.5, 2022ರಲ್ಲಿ 42.8. ಆ 2022ರ ಐದನೇ ಕ್ಲಾಸು ಎಲ್ಲೂ ಹೋಗಿಲ್ಲ, 2027-28ಕ್ಕೆ ಎಸ್ಸೆಸ್ಸೆಲ್ಸಿ ಬರೆಯೋದು ಅವರೇ. ಅವರು ನಮ್ಮ ಹೈಸ್ಕೂಲಿಗೆ ಬಂದಾಗ "ಇದು ಪ್ರೈಮರಿಯವರು ಮಾಡ್ಬೇಕಿತ್ತು" ಅಂದ್ಕೊಂಡು ಸುಮ್ನಿರೋಕೆ ಆಗುತ್ತಾ? ಮತ್ತೆ ನಿಜ ಹೇಳ್ಬೇಕಂದ್ರೆ ಪ್ರೈಮರಿಲಿ ಚೆನ್ನಾಗಿ ಓದೋದು ಕಲಿತು ಬಂದ ಮಗೂಗೂ "ಬಾಷ್ಪವಿಸರ್ಜನೆ" ಅಲ್ಲಿ ಯಾರೂ ಹೇಳ್ಕೊಟ್ಟಿರಲ್ಲ.

ಅದನ್ನೇ ತಗೊಳ್ಳಿ. ಬಾಷ್ಪವಿಸರ್ಜನೆ. ನೋಡಿದ ತಕ್ಷಣ ಮಕ್ಕಳು ಕಣ್ಣು ಮುಚ್ಕೋತಾರೆ. ಗೀಟು ಎಳೆದ್ರೆ? ವಿಸರ್ಜನೆ ಯಾವ ಮಗೂಗೆ ಗೊತ್ತಿಲ್ಲ, ಡಿಜೆ ಹಾಕ್ಕೊಂಡು ಕುಣಿದಿರ್ತಾವೆ, ಗಣೇಶ ವಿಸರ್ಜನೆ. ಬಾಷ್ಪ? ಮದುವೆ ಮನೇಲಿ ಹೆಣ್ಣು ಕಳಿಸುವಾಗ, ಇಲ್ಲಾ ಮಗ ಪಾಸಾದಾಗ ಬರೋದು ಆನಂದಬಾಷ್ಪ. ಕಣ್ಣೀರು ಅಂತಲೂ ಇದೆ, ಆವಿ ಅಂತಲೂ ಇದೆ. ಗಿಡ ಆವಿನ ಬಿಟ್ಟು ಕಳಿಸೋದು. ಗಣೇಶನ್ನ ಕೆರೆಗೆ ಬಿಟ್ಟಂಗೆ ಗಾಳಿಗೆ. ಇದಕ್ಕೆ ನಾಲ್ಕು ನಿಮಿಷ ಬೇಕು, ನಾಲ್ಕೇ, ಆಮೇಲೆ ಆ ಪದ ವರ್ಷವಿಡೀ ಮರೆಯಲ್ಲ. ವಕ್ರೀಭವನಕ್ಕೂ (ಬೆಳಕು ಬಾಗೋದು) ಹಿಂಗೇ ಆಗಿತ್ತು, ಒಬ್ಬ ಹುಡುಗ ಭವನ ಅಂದ್ರೆ ಕಟ್ಟಡ ಅಂದ್ಕೊಂಡು, ಅಂಬೇಡ್ಕರ್ ಭವನ ಇದ್ದಂಗೆ ಯಾವುದೋ ಸೊಟ್ಟ ಬಿಲ್ಡಿಂಗ್ ಇರ್ಬೇಕು ಅಂತ ಒಂದು ವಾರ ನಂಬಿದ್ನಂತೆ. ನಂಗೆ ನಗು ಬಂತು, ಆಮೇಲೆ ನಾಚಿಕೆ ಆಯ್ತು, ಯಾಕಂದ್ರೆ ಆ ವಾರವೆಲ್ಲಾ ನಾನು ಕಿರಣ ಚಿತ್ರ ಬರೆದು ಪತನ ಕೋನ ವಕ್ರೀಮ ಕೋನ ಅಂತ ಪಾಠ ಮಾಡ್ತಾನೇ ಇದ್ದೆ.

ಈಗ ನಮ್ಮ ಕ್ಲಾಸಲ್ಲಿ ಹಿಂದಿನ ಗೋಡೆ ಪೂರ್ತಿ ಹಳೇ ಕ್ಯಾಲೆಂಡರಿನ ಹಿಂಬದಿ. ಪಾಠ ಶುರು ಮಾಡೋಕೆ ಮುಂಚೆ ಐದಾರು ಪದ ಅಷ್ಟೇ, ಇಪ್ಪತ್ತೈದಲ್ಲ, ಮಕ್ಕಳೇ ಸ್ಕೆಚ್ ಪೆನ್ನಲ್ಲಿ ಬರೆದು ಗೀಟು ಹಾಕಿ ಕೆಳಗೆ ತಮ್ಗೆ ಗೊತ್ತಿರೋ ನೆಂಟ ಪದ ಬರೀತಾರೆ. ನೆಂಟ ಪದ ಅನ್ನೋದು ಅವರೇ ಇಟ್ಟ ಹೆಸರು. ಪಕ್ಕದಲ್ಲಿ ಇಂಗ್ಲಿಷ್ ಪದ ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಇರುತ್ತೆ, ಯಾಕಂದ್ರೆ ನಮ್ಮ ಕನ್ನಡ ಮೀಡಿಯಂ ಮಕ್ಕಳು ಪಿಯು ಸೈನ್ಸಿಗೆ ಹೋದ ದಿನವೇ ಎಲ್ಲಾ ಇಂಗ್ಲಿಷಾಗಿ ಎಷ್ಟೋ ಜನ ಜುಲೈ ಹೊತ್ತಿಗೆ ಆರ್ಟ್ಸಿಗೆ ಓಡ್ಬರ್ತಾರೆ. ದ್ಯುತಿ ಅಂದ್ರೆ ಬೆಳಕು, ಸಂಶ್ಲೇಷಣೆ ಅಂದ್ರೆ ಕೂಡಿಸಿ ಕಟ್ಟೋದು ಅಂತ ಒಡೆಯೋಕೆ ಕಲಿತ ಮಗು ಫೋಟೋಸಿಂಥೆಸಿಸ್‌ನೂ ಅದೇ ಥರ ಒಡೆಯುತ್ತೆ, ಅಲ್ಲೂ ಫೋಟೋ ಅಂದ್ರೆ ಬೆಳಕೇ.

ಪದ ಆಯ್ತು, ವಾಕ್ಯ ಇದಕ್ಕಿಂತ ಕಷ್ಟ. ಪುಸ್ತಕ ಬರೆಯೋರು ದಯವಿಟ್ಟು ಈ ಪ್ಯಾರಾ ಸ್ವಲ್ಪ ಗಮನ ಇಟ್ಟು ಓದಿ. ನಮ್ಮ ಪಠ್ಯದಲ್ಲಿ ಬರೋ ಥರದ ಒಂದು ವಾಕ್ಯ ಇಲ್ಲಿ ಹಾಕ್ತೀನಿ: "ಬೇರುಗಳಿಂದ ಹೀರಲ್ಪಟ್ಟು ಕ್ಸೈಲಂನ ಮೂಲಕ ಮೇಲಕ್ಕೆ ಸಾಗಿಸಲ್ಪಟ್ಟ ನೀರು ಎಲೆಗಳ ಪತ್ರರಂಧ್ರಗಳ ಮೂಲಕ ಆವಿಯ ರೂಪದಲ್ಲಿ ಹೊರಹೋಗುವ ಕ್ರಿಯೆಯನ್ನು ಬಾಷ್ಪವಿಸರ್ಜನೆ ಎನ್ನುವರು." ಕನ್ನಡದಲ್ಲಿ ಮುಖ್ಯ ವಿಷಯ ಕೊನೇಲಿ ಬರುತ್ತೆ, ಅಲ್ಲಿವರೆಗೆ ಬೇರು, ಕ್ಸೈಲಂ ಅನ್ನೋ ನೀರಿನ ಕೊಳವೆ, ರಂಧ್ರ, ಆವಿ ಎಲ್ಲಾ ತಲೆ ಮೇಲೆ ಹೊತ್ಕೊಂಡೇ ನಡೀಬೇಕು, ಕೊನೆ ಮುಟ್ಟೋ ಹೊತ್ತಿಗೆ ಅರ್ಧ ದಾರೀಲಿ ಚೆಲ್ಲಿರುತ್ತೆ. ಮೇಲಿಂದ ಈ "ಲ್ಪಟ್ಟ". ಯಾರ ಮನೇಲಿ "ಅನ್ನ ಉಣ್ಣಲ್ಪಟ್ಟಿತು" ಅಂತಾರೆ ಸ್ವಾಮಿ? "ಬೇರು ನೀರನ್ನ ಹೀರುತ್ತೆ. ಆ ನೀರು ಕ್ಸೈಲಂ ಒಳಗೆ ಮೇಲಕ್ಕೆ ಹೋಗುತ್ತೆ. ಎಲೆಯಲ್ಲಿರೋ ಪತ್ರರಂಧ್ರದಿಂದ ಆವಿಯಾಗಿ ಹೊರಗೆ ಹೋಗುತ್ತೆ. ಇದೇ ಬಾಷ್ಪವಿಸರ್ಜನೆ." ನಾಲ್ಕು ವಾಕ್ಯ, ವಿಜ್ಞಾನ ಒಂದು ಚೂರೂ ಕಮ್ಮಿ ಆಗ್ಲಿಲ್ಲ. ವಿಜ್ಞಾನ, ಗಣಿತ ಎರಡೂ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕದ ಇಂಗ್ಲಿಷಿಂದ ಬಂದಿರೋದು, ಅನುವಾದ ಕಷ್ಟದ ಕೆಲಸ ಅಂತ ಗೊತ್ತು, ಆದ್ರೂ.

ಪುಸ್ತಕ ಬದಲಾಗೋವರೆಗೆ ನಾವು ಮಾಡೋದು ಬಾಲ ಹಿಡಿಯೋ ಕೆಲಸ. ಉದ್ದ ವಾಕ್ಯ ಕಂಡ ತಕ್ಷಣ ಕೊನೆಗೆ ಹೋಗು. "ಎನ್ನುವರು." ಏನಂತಾರೆ? ಬಾಷ್ಪವಿಸರ್ಜನೆ ಅಂತಾರೆ. ಯಾವುದನ್ನ? "ಹೊರಹೋಗುವ ಕ್ರಿಯೆಯನ್ನು". ಏನು ಹೊರಗೆ ಹೋಗೋದು? ನೀರು. ಎಂಥ ನೀರು, ಎಲ್ಲಿಂದ ಬಂದಿದ್ದು? ಹಂಗೇ ಹಿಂದೆ ಹಿಂದೆ ಹೋಗ್ತಾ ಪೆನ್ಸಿಲಲ್ಲಿ ಸಣ್ಣ ಗೀಟು ಹಾಕೋದು. (ಸರ್ಕಾರಿ ಪುಸ್ತಕದ ಮೇಲೆ ಗೀಟು ಹಾಕಿಸ್ತಾರೆ ಅಂತ ಒಬ್ಬ ಪೋಷಕರು ಕಂಪ್ಲೇಂಟ್ ಕೊಟ್ಟಿದ್ರು, ಪುಸ್ತಕ ಮಗೂದೇ, ವರ್ಷ ಆದ್ಮೇಲೆ ವಾಪಸ್ ಕೊಡೋದಲ್ಲ ಅಂತ ಹೇಳಿ ಕಳಿಸಿದ್ವಿ.) ಮೊದಮೊದಲು ನಾನೇ ಜೋರಾಗಿ ಓದ್ತೀನಿ, ಓದ್ತಾ ಓದ್ತಾ ನನ್ನ ತಲೇಲಿ ಏನ್ ನಡೀತಿದೆ ಅದನ್ನೂ ಜೋರಾಗಿ ಹೇಳ್ತೀನಿ, "ಇಲ್ಲಿ ಇದು ಅಂತ ಇದೆಯಲ್ಲ, ಯಾವ್ದು ಇದು, ನೀರೋ ಆವಿಯೋ, ತಡಿ ಹಿಂದಿನ ವಾಕ್ಯ ನೋಡೋಣ" ಅಂತ. ಮೇಡಂಗೂ ಒಂದೇ ಸಲಕ್ಕೆ ಅರ್ಥ ಆಗಲ್ಲ ಅನ್ನೋದು ಮಕ್ಕಳಿಗೆ ದೊಡ್ಡ ಸುದ್ದಿ. ಒಬ್ಳು ಬಂದು ಕೇಳೇ ಬಿಟ್ಳು, "ನೀವೂ ಎರಡೆರಡು ಸಲ ಓದ್ತೀರಾ ಮೇಡಂ?"

ಚಿತ್ರನೂ ಓದೋದು ಕಲಿಸ್ಬೇಕು, ಅದು ನಂಗೆ ಬಹಳ ತಡವಾಗಿ ಗೊತ್ತಾಗಿದ್ದು. ಆಹಾರ ಸರಪಳಿ, ಹುಲ್ಲು ಬಾಣ ಮಿಡತೆ ಬಾಣ ಕಪ್ಪೆ ಬಾಣ ಹಾವು. ಇದನ್ನ ಓದಪ್ಪ ಅಂದ್ರೆ "ಹುಲ್ಲು ಮಿಡತೆನ ತಿನ್ನುತ್ತೆ" ಅಂದ. ಗದರಿಸಿಬಿಡ್ತಿದ್ದೆ ಮೊದಲಾಗಿದ್ರೆ. ಆದ್ರೆ ಅವನ ಲೆಕ್ಕದಲ್ಲಿ ಬಾಣ ಅಂದ್ರೆ ಬೇಟೆ, ಬಿಟ್ಟೋನು ಈ ಕಡೆ, ಬೀಳೋದು ಆ ಕಡೆ. ಇಲ್ಲಿ ಬಾಣ ಅಂದ್ರೆ ಶಕ್ತಿ ಯಾರಿಂದ ಯಾರಿಗೆ ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ತಾನೆ.

ಇನ್ನು ಲೆಕ್ಕ. ಇದು ನಮ್ಮ ಲೆಕ್ಕ ಹೇಳೋ ಪಿಸಿಎಂ ಸರ್ ಕಥೆ, ಅವರ ಪರ್ಮಿಷನ್ ತಗೊಂಡೇ ಬರೀತಿದೀನಿ. ಅವರು ಒಂದಿನ ಸ್ಟಾಫ್ ರೂಮಿಗೆ ಬಂದು ಟೇಬಲ್ ಮೇಲೆ ಚಾಕ್‌ಪೀಸ್ ಎಸೆದು "ಈ ಕನ್ನಡದ 'ರಿಂದ' ಇದೆಯಲ್ಲ, ಇದು ನನ್ನ ಮಕ್ಕಳನ್ನ ಕೊಲ್ತಾ ಇದೆ ಕಣ್ರೀ" ಅಂದ್ರು. ನೋಡಿ: "20ನ್ನು 5ರಿಂದ ಭಾಗಿಸಿ." ಇಲ್ಲಿ ರಿಂದ ಅಂಟ್ಕೊಂಡಿರೋದು ಭಾಗಿಸೋ ಸಂಖ್ಯೆಗೆ. "20ರಿಂದ 5ನ್ನು ಕಳೆಯಿರಿ." ಇಲ್ಲಿ ರಿಂದ ಬಂದಿರೋದು ಯಾವುದರೊಳಗಿಂದ ತೆಗೀಬೇಕೋ ಅದಕ್ಕೆ, ಪೂರ್ತಿ ಉಲ್ಟಾ. "5ರಿಂದ 20ರವರೆಗಿನ ಬೆಸ ಸಂಖ್ಯೆಗಳು." ಇಲ್ಲಿ ಎಲ್ಲಿಂದ ಶುರು ಅಂತ. ಒಂದೇ ರಿಂದ, ಮೂರು ಕೆಲಸ, ಮಗು ಒಂದನ್ನ ಕಲಿತು ಮೂರರಲ್ಲೂ ಅದನ್ನೇ ಹಾಕುತ್ತೆ. ಆಮೇಲೆ "ತಂದೆಯ ವಯಸ್ಸು ಮಗನ ವಯಸ್ಸಿನ 3ರಷ್ಟಕ್ಕಿಂತ 5 ಹೆಚ್ಚು" ಅಂತ ಬಂದ್ರೆ ಕಥೆ ಮುಗೀತು, ಮೂರು ಕಂಡ್ತು ಐದು ಕಂಡ್ತು ಹೆಚ್ಚು ಅಂತ ಕಂಡ್ತು, ಕೂಡ್ಸು, ಎಂಟು. ಅಪ್ಪನ ವಯಸ್ಸು ಎಂಟು.

ಲೆಕ್ಕದ ಟೀಚರ್ ಆಗಿರೋ ಯಾರನ್ನ ಬೇಕಾದ್ರೂ ಕೇಳಿ, ಮಕ್ಕಳ ಮೊದಲನೇ ಪ್ರಶ್ನೆ ಯಾವಾಗ್ಲೂ "ಸಾರ್ ಕೂಡ್ಬೇಕಾ ಕಳೀಬೇಕಾ?" ಅಂತ. ಓದೋಕೆ ಮುಂಚೆ. ನಮ್ಮ ಸರ್ ಈಗ ಮಾಡ್ತಿರೋದು ಇಷ್ಟು, ಲೆಕ್ಕ ಬೋರ್ಡ್ ಮೇಲೆ ಬರೀವಾಗ ನಂಬರ್ ಇರೋ ಕಡೆ ಖಾಲಿ ಬಿಡ್ತಾರೆ. ಪುಸ್ತಕದಲ್ಲಾದ್ರೆ ನಂಬರ್ ಮೇಲೆ ಬೆರಳಿಡಿ ಅಂತಾರೆ. ಈಗ ಓದು. ಯಾರ ಕಥೆ ಇದು? ಅಪ್ಪಂದು ಮಗಂದು. ಯಾರು ದೊಡ್ಡೋರು? ಮಗನ ವಯಸ್ಸನ್ನ ಮೊದ್ಲು ಏನ್ ಮಾಡ್ಬೇಕು, ಆಮೇಲೆ ಏನ್ ಸೇರಿಸ್ಬೇಕು, ನಿನ್ನ ಮಾತಲ್ಲಿ ಹೇಳು. ನಂಬರ್ ಇಲ್ದೇ ಇದ್ರೆ ಕೂಡೋಕೆ ಕಳೆಯೋಕೆ ಏನೂ ಇರಲ್ವಲ್ಲ, ವಿಧಿಯಿಲ್ಲದೆ ಓದ್ತಾರೆ. ಅದಾದ ಮೇಲೇನೇ ಬೆರಳು ತೆಗೆಯೋದು. ಹಿಂಗೆ ಮಾಡಿದ್ರೆ ಒಂದು ಪೀರಿಯಡ್ಡಿಗೆ ಎಂಟು ಲೆಕ್ಕ ಆಗ್ತಿದ್ದಿದ್ದು ಮೂರೇ ಆಗುತ್ತೆ. ಆ ಮೂರರ ಉತ್ತರ ಮಾತ್ರ ಗೈಡಿಂದ ಬಂದಿರಲ್ಲ.

ಸಮಾಜದ್ದು ನಂಗೆ ಬಹಳ ಇಷ್ಟ ಆದ ಕಥೆ. ನಮ್ಮ ಸಮಾಜದ ಮೇಡಂ ಟೆಸ್ಟ್ ಪೇಪರ್ ತಿದ್ದುವಾಗ ಅರ್ಧಕ್ಕರ್ಧ ಪೇಪರಲ್ಲಿ "ಡಾಲ್‌ಹೌಸಿಯು ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿಯಿಂದ ಕಿತ್ತೂರನ್ನು ವಶಪಡಿಸಿಕೊಂಡನು, ಚೆನ್ನಮ್ಮ ಹೋರಾಡಿದಳು" ಅಂತ. ಯಾಕೆ ಅಂತ ಯೋಚಿಸಿದ್ರೆ ತಪ್ಪು ಸಹಜನೇ, ಚೆನ್ನಮ್ಮನ ಪಾಠ, ಡಾಲ್‌ಹೌಸಿ ಪಾಠ ಎರಡರಲ್ಲೂ ದತ್ತು ಅನ್ನೋ ಪದ ಇದೆ, ಮಕ್ಕಳು ಪದ ಹಿಡ್ಕೊಂಡು ಎರಡನ್ನೂ ಗಂಟು ಹಾಕಿದಾರೆ. ಮೇಡಂ ಕೆಂಪು ಇಂಕಲ್ಲಿ ಹೊಡೆದು ಹಾಕೋ ಬದ್ಲು ಕ್ಲಾಸಲ್ಲಿ ಒಂದು ದಾರ ಕಟ್ಟಿದ್ರು, ಬಟ್ಟೆ ಒಣಗ್ಸೋ ಕ್ಲಿಪ್ಪು, ಇಸವಿ ಬರೆದ ಚೀಟಿ. ಕಿತ್ತೂರಿನ ಯುದ್ಧ, ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತಿದ್ದು, 1824. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದಿದ್ದು 1848. ಡಾಲ್‌ಹೌಸಿ ಹುಟ್ಟಿದ್ದು 1812. ಅಂದ್ರೆ ಚೆನ್ನಮ್ಮ ಕತ್ತಿ ಹಿಡಿದಾಗ ಡಾಲ್‌ಹೌಸಿಗೆ ಎಷ್ಟು ವರ್ಷ? ಕ್ಲಾಸು ಲೆಕ್ಕ ಹಾಕ್ತು, ಹನ್ನೆರಡು. "ಏಳನೇ ಕ್ಲಾಸು ಮೇಡಂ ಅವ್ನು!" ಅಂತ ಇಡೀ ಕ್ಲಾಸು ಬಿದ್ದು ಬಿದ್ದು ನಗ್ತಂತೆ. ಆಮೇಲೆ ಮಕ್ಕಳೇ ಕೇಳಿದ ಪ್ರಶ್ನೆ ನೋಡಿ, ಹಂಗಾದ್ರೆ ಆ ನೀತಿಗೆ ಹೆಸರು ಬರೋಕೂ ಮುಂಚೆ ಕಂಪನಿಯವರು ಅದನ್ನ ಮಾಡ್ತಾನೇ ಇದ್ರಾ? ಇದು ಇತಿಹಾಸ ಓದೋ ರೀತಿ. ಇದನ್ನ ಕನ್ನಡ ಪೀರಿಯಡ್ಡಲ್ಲಿ ಕಲಿಸೋಕಾಗುತ್ತಾ? ಮುಂದಿನ ವಾರ 1857ಕ್ಕೆ "ಸಿಪಾಯಿ ದಂಗೆ" ಅಂತ ಯಾರು ಕರೀತಾರೆ "ಪ್ರಥಮ ಸ್ವಾತಂತ್ರ್ಯ ಸಂಗ್ರಾಮ" ಅಂತ ಯಾರು ಕರೀತಾರೆ ಅಂತ ಅದೇ ಕ್ಲಾಸು ಇಪ್ಪತ್ತು ನಿಮಿಷ ಜಗಳ ಆಡ್ತು.

ಬರೆಯೋದರ ಬಗ್ಗೆ ಜಾಸ್ತಿ ಹೇಳಲ್ಲ, ಒಂದೇ ವಿಷಯ. ಪಿಷ್ಟ ಪರೀಕ್ಷೆ ಮಾಡ್ತೀವಿ, ಎಲೆನ ಸ್ಪಿರಿಟ್‌ನಲ್ಲಿ ಹಾಕಿ ಬಿಸಿನೀರಲ್ಲಿಟ್ಟು ಬಣ್ಣ ತೆಗೆದು ಅಯೋಡಿನ್ ಹಾಕಿದ್ರೆ ನೀಲಿಗಪ್ಪು ಆಗುತ್ತೆ. ರೆಕಾರ್ಡಲ್ಲಿ ಏನ್ ಬರೀತಾರೆ? "ಪ್ರಯೋಗವು ಯಶಸ್ವಿಯಾಯಿತು." ನಲವತ್ತು ರೆಕಾರ್ಡಲ್ಲೂ ಅದೇ. ಈಗ ಪುಟನ ಎರಡು ಭಾಗ ಮಾಡಿಸಿದೀನಿ, ಒಂದ್ಕಡೆ "ಕಣ್ಣಲ್ಲಿ ಕಂಡಿದ್ದು", ಇನ್ನೊಂದ್ಕಡೆ "ಹಂಗಾದ್ರೆ ಏನು", ಎರಡನೇ ಕಡೆ ಪ್ರತಿ ವಾಕ್ಯದಲ್ಲೂ "ಯಾಕಂದ್ರೆ" ಇರ್ಲೇಬೇಕು. ಮೊದಲು ಬಾಯಲ್ಲಿ, ಮನೆ ಮಾತಲ್ಲೇ ಹೇಳ್ಬಹುದು. ನಮ್ಮಲ್ಲಿ ತಾಂಡಾದಿಂದ ಬರೋ ಮಕ್ಕಳು ಲಂಬಾಣಿಲಿ ಪಕ್ಕದೋರಿಗೆ ಪಟಪಟ ಅಂತ ಹೇಳಿ, ಆಮೇಲೆ ಕನ್ನಡದಲ್ಲಿ ಬರೀತಾರೆ, ಸೀದಾ ಕನ್ನಡದಲ್ಲಿ ಬರೀರಿ ಅಂದಾಗ ಎರಡು ಸಾಲು ಬರ್ತಿತ್ತು, ಈಗ ಆರೇಳು ಸಾಲು ಬರುತ್ತೆ.

ಎಡವಿದ್ದೂ ಹೇಳ್ಬೇಕಲ್ಲ. ಶುರುವಲ್ಲಿ ನಾನು ಮಾಡಿದ್ದು ಎಲ್ರೂ ಮಾಡೋದೇ, ಒಬ್ಬೊಬ್ರನ್ನೇ ಎಬ್ಬಿಸಿ ಒಂದೊಂದು ಪ್ಯಾರಾ ಓದಿಸೋದು. ಒಬ್ಬ ಹುಡುಗ ತನ್ನ ಸರದಿ ಬರೋ ಹೊತ್ತಿಗೆ ಸರಿಯಾಗಿ ಒಂದಕ್ಕೆ ಹೋಗ್ತೀನಿ ಅಂತ ಎದ್ದು ಹೋಗ್ತಿದ್ದ. ನಾಲ್ಕನೇ ಸಲ ನಾನು ಬಿಡ್ಲಿಲ್ಲ, ಓದಿ ಹೋಗು ಅಂದೆ. "ಉತ್ಕರ್ಷಣ" ಹತ್ರ ಸಿಕ್ಕಾಕೊಂಡ, ಕ್ಲಾಸು ನಕ್ತು, ಮೂರು ದಿನ ಸ್ಕೂಲಿಗೇ ಬರ್ಲಿಲ್ಲ, ಅವರ ಮನೆಗೆ ಹೋದಾಗ ಅವರಜ್ಜಿ "ನಿಮ್ ಸ್ಕೂಲ್ ಬ್ಯಾಡಂತೆ ಅವಂಗೆ" ಅಂದ್ರು. ಆ ಪದ್ಧತಿ ಅವತ್ತೇ ಬಿಟ್ಟೆ. ಈಗ ಜೋಡಿ ಓದು, ಇಬ್ಬಿಬ್ರು, ಮೆತ್ತಗೆ, ಒಬ್ಬ ಓದಿದ್ರೆ ಇನ್ನೊಬ್ಬ ಏನ್ ಅರ್ಥ ಆಯ್ತು ಅಂತ ಹೇಳೋದು, ಆಮೇಲೆ ಅದಲು ಬದಲು. ಗಲಾಟೆ ಆಗುತ್ತೆ, ಪಕ್ಕದ ಕ್ಲಾಸಿನವರು ಬಂದು ಬೈತಾರೆ, ಆದ್ರೂ.

ಇದೇನು ನಾನು ಕನಸಲ್ಲಿ ಕಂಡು ಎದ್ದು ಬಂದು ಹೇಳ್ತಿರೋದಲ್ಲ. ಇಂಗ್ಲೆಂಡಲ್ಲಿ ಬುಲಕ್ ಸಮಿತಿ 1975ರಲ್ಲೇ ಭಾಷೆ ಎಲ್ಲಾ ವಿಷಯ ಶಿಕ್ಷಕರ ಜವಾಬ್ದಾರಿ ಅಂತ ಹೇಳಿತ್ತು. ನಮ್ಮ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಅದನ್ನೇ ಹೇಳಿತ್ತು. 2015ರಿಂದ ಬಿಎಡ್ ಎರಡು ವರ್ಷ ಆದ ಮೇಲೆ ಇದರ ಮೇಲೆ ಒಂದು ಪೇಪರ್ರೇ ಇದೆ, ಹೊಸದಾಗಿ ಬಂದಿರೋ ಟೀಚರ್‌ಗಳು ಅದರಲ್ಲಿ ಪಾಸಾಗೇ ಬಂದಿರೋದು. ಪೇಪರ್ ಪಾಸಾಗಿದೆ, ಕ್ಲಾಸ್ ರೂಮಿಗೆ ಬಂದಿಲ್ಲ ಅಷ್ಟೇ.

ಯಾಕೆ ಬಂದಿಲ್ಲ ಅಂದ್ರೆ ಡಿಸೆಂಬರ್ ಬರ್ತಿದ್ದಂಗೆ ಪಾಸಿಂಗ್ ಪ್ಯಾಕೇಜ್ ಬರುತ್ತೆ. ಹೊರಗಿನವರಿಗೆ ಗೊತ್ತಿಲ್ದೇ ಇದ್ರೆ ಹೇಳ್ತೀನಿ, ಕಲಿಕೆಯಲ್ಲಿ ಹಿಂದೆ ಇರೋ ಮಕ್ಕಳಿಗೆ ಅಂತ ಪ್ರತಿ ವಿಷಯದ್ದೂ ಮೂವತ್ತು ನಲವತ್ತು ಪುಟದ ಝೆರಾಕ್ಸ್ ಕಟ್ಟು, ಇಷ್ಟು ಚಿತ್ರ, ಇಷ್ಟು ಒಂದು ಮಾರ್ಕ್ಸಿಂದು, ಇದನ್ನ ಉರು ಹೊಡಿ ಪಾಸಾಗ್ತೀಯ. ನಾನೂ ಮಾಡಿದೀನಿ, ನನ್ನ ಕೈಬರಹದ ಪ್ಯಾಕೇಜ್ ಮೂರು ಸ್ಕೂಲಿಗೆ ಹೋಗಿತ್ತು, ಆಗ ಹೆಮ್ಮೆನೂ ಪಟ್ಟಿದ್ದೆ. ಪುಸ್ತಕ ತೆರೆಯೋಕೆ ಹೆದರೋ ಮಗೂಗೆ ನಾವು ಕೊಡೋ ಪರಿಹಾರ ಪುಸ್ತಕನೇ ತೆಗೀಬೇಡ ಅನ್ನೋದು. ಎಸ್ಸೆಸ್ಸೆಲ್ಸಿ ರಿಸಲ್ಟ್ 2023ರಲ್ಲಿ 83.89 ಪರ್ಸೆಂಟ್ ಇತ್ತು. 2024ರಲ್ಲಿ ವೆಬ್‌ಕಾಸ್ಟಿಂಗ್ ಬಂತು, ಅಂದ್ರೆ ಪರೀಕ್ಷಾ ಕೊಠಡಿ ಮೇಲೆ ಕ್ಯಾಮೆರಾ ಕಣ್ಣು, ಗ್ರೇಸ್ ಮಾರ್ಕ್ಸ್ 20 ಪರ್ಸೆಂಟಿಗೆ ಏರಿಸಿದ್ರೂ 73.40ಕ್ಕೆ ಬಂತು. 2025ರ ಮೊದಲ ಪರೀಕ್ಷೆಲಿ ರೆಗ್ಯುಲರ್ ಮಕ್ಕಳದ್ದು 66.14, ಎಲ್ಲರೂ ಸೇರಿ 62.34. ಕ್ಯಾಮೆರಾ ಎದುರು ಮಗು ಮತ್ತೆ ಪ್ರಶ್ನೆಪತ್ರಿಕೆ ಇಬ್ಬರೇ ಉಳಿದಾಗ ಉರು ಹೊಡೆದಿದ್ದು ಎಷ್ಟು ದೂರ ಬರುತ್ತೆ ಅಂತ ನಮ್ಗೆಲ್ಲಾ ಕಂಡಿದೆ. ಬಿದ್ದಿದ್ದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ, ಆದ್ರೆ ಪ್ಯಾಕೇಜನ್ನ ಇನ್ನೂ ದಪ್ಪ ಮಾಡೋದಂತೂ ಉತ್ತರ ಅಲ್ಲ.

ಈಗ ಕೇಳ್ಕೊಳ್ಳೋದು. ದೊಡ್ಡ ಬಜೆಟ್ ಏನೂ ಬೇಡ.

ಲೆಸನ್ ಪ್ಲಾನಲ್ಲಿ "ಓದು: 10 ನಿಮಿಷ" ಅಂತ ನಾವು ಬರೆದ್ರೆ ಅದನ್ನ ಪಾಠ ಅಂತಲೇ ಒಪ್ಕೊಳ್ಳಿ, ಯಾವ ವಿಷಯ ಆಗ್ಲಿ. ವಿಸಿಟ್‌ಗೆ ಬರೋರಿಗೂ ಒಂದು ಮಾತು ತಿಳಿಸಿಬಿಡಿ. ಸಿಲಬಸ್ ಹಿಂದೆ ಬೀಳುತ್ತೆ ಅಂತೀರಿ, ಬೀಳುತ್ತೆ, ಜುಲೈ ಆಗಸ್ಟಲ್ಲಿ ನಂದು ಒಂದು ಪಾಠ ಹಿಂದೆ ಇರುತ್ತೆ, ನವೆಂಬರ್ ಹೊತ್ತಿಗೆ ಮಕ್ಕಳೇ ಮನೇಲಿ ಓದ್ಕೊಂಡು ಬರೋಕೆ ಶುರು ಮಾಡ್ತಾರೆ, ಆಗ ಸರಿಹೋಗುತ್ತೆ. ಪ್ರತಿ ಪಾಠದ ಕೊನೇಲಿ ಪದ ಒಡೆದು ತೋರಿಸೋ ಅರ್ಧ ಪುಟ ಹಾಕ್ಸಿ. ಪುಸ್ತಕ ಅಚ್ಚಿಗೆ ಹೋಗೋಕೆ ಮುಂಚೆ ಒಂದು ಪಾಠನ ಹಳ್ಳಿ ಸ್ಕೂಲಿನ ಹತ್ತು ಮಕ್ಕಳ ಕೈಲಿ ಓದ್ಸಿ ನೋಡಿ, ಅವರು ಎಲ್ಲಿ ನಿಲ್ತಾರೋ ಅಲ್ಲಿ ವಾಕ್ಯ ಮುರೀರಿ. ಪ್ರಶ್ನೆಪತ್ರಿಕೆಲಿ ಪುಸ್ತಕದಲ್ಲಿ ಇಲ್ದೇ ಇರೋ ಒಂದು ಸಣ್ಣ ಪ್ಯಾರಾ ಕೊಟ್ಟು ಓದಿ ಉತ್ತರಿಸಿ ಅನ್ನೋದು ಭಾಷಾ ಪೇಪರಲ್ಲಿ ಇದೆ, ವಿಜ್ಞಾನ ಸಮಾಜದಲ್ಲೂ ಒಂದೇ ಒಂದು ಇಡಿ, ನಾಲ್ಕು ಮಾರ್ಕ್ಸಿಂದು. ಪರೀಕ್ಷೆಲಿ ಬಂದ್ರೆ ಕ್ಲಾಸಲ್ಲಿ ತಾನಾಗೇ ಬರುತ್ತೆ, ನಮ್ಮ ವ್ಯವಸ್ಥೆ ಹಂಗೇ ಇರೋದು, ಬೇಜಾರು ಮಾಡ್ಕೊಂಡು ಏನ್ ಮಾಡೋದು.

ತರಬೇತಿ ಕೊಟ್ರೆ ವಿಷಯವಾರು ಬೇರೆ ಬೇರೆ ರೂಮಲ್ಲಿ ಕೂರಿಸ್ಬೇಡಿ. ಕನ್ನಡದವರು, ವಿಜ್ಞಾನದವರು, ಲೆಕ್ಕದವರು ಒಂದೇ ಟೇಬಲ್ಲಲ್ಲಿ ಕೂತು ಒಂದು ಪುಟ ಓದ್ಲಿ, ಪಿಪಿಟಿ ಬೇಡ. ಲೈಬ್ರರಿ ಬೀರುವಿನ ಬೀಗ ತೆಗೆಯೋಕೆ ಹೆಡ್ಮಾಸ್ಟರ್‌ಗಳಿಗೆ ಧೈರ್ಯ ಕೊಡಿ, ಪುಸ್ತಕ ಹರಿದ್ರೆ ಕಳೆದ್ರೆ ಸ್ಟಾಕ್ ರಿಜಿಸ್ಟರಲ್ಲಿ ಅವರ ತಲೆಗೆ ಬರಲ್ಲ ಅಂತ ಒಂದು ಸುತ್ತೋಲೆ ಸಾಕು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲ ವಿಜ್ಞಾನ ಪತ್ರಿಕೆಯ ಹಳೇ ಸಂಚಿಕೆಗಳು ನಮ್ಮ ಬೀರುವಲ್ಲಿ ಹೊಚ್ಚ ಹೊಸದಾಗೇ ಇದ್ವು, ಯಾರೂ ಮುಟ್ಟಿರ್ಲಿಲ್ಲ.

ಮತ್ತೆ ಒಂದು ಕೈ ಮುಗಿದು ಕೇಳ್ಕೊಳ್ಳೋದು. ದಯವಿಟ್ಟು ಇದಕ್ಕೊಂದು ಚಂದದ ಹೆಸರಿಟ್ಟು, ಲೋಗೋ ಮಾಡಿ, ಪ್ರತಿ ಶನಿವಾರ ಓದ್ತಿರೋ ಮಕ್ಕಳ ಜಿಪಿಎಸ್ ಫೋಟೋ ಅಪ್‌ಲೋಡ್ ಮಾಡಿ ಅನ್ಬೇಡಿ. ಫೋಟೋ ತೆಗೆಯೋಕೆ ಹೋದ್ರೆ ಓದು ನಿಲ್ಲುತ್ತೆ, ಮಕ್ಕಳು ಕ್ಯಾಮೆರಾ ನೋಡ್ತಾವೆ.

ನನ್ನ ಜೊತೆಯ ಟೀಚರ್‌ಗಳಿಗೆ ಬೇರೆ ಹೇಳೋದೇನಿಲ್ಲ, ನಾಳೆ ಮೊದಲನೇ ಪೀರಿಯಡ್ಡಿಗೆ ಹೋಗೋಕೆ ಮುಂಚೆ ನಿಮ್ಮ ಪುಸ್ತಕದ ಆವತ್ತಿನ ಪುಟ ಒಂದ್ಸಲ ಮಗು ಥರ ಓದಿ ನೋಡಿ, ಎಲ್ಲಿ ಕಾಲು ಎಡವುತ್ತೆ ಅಂತ.

ಮುಂದಿನ ವಾರ ನಮ್ಮಲ್ಲಿ ಹೃದಯದ ಭಾಗ ಇದೆ. ಹೃತ್ಕರ್ಣ, ಹೃತ್ಕುಕ್ಷಿ. ಕರ್ಣ ಅಂದ್ರೆ ಮಕ್ಕಳಿಗೆ ಮಹಾಭಾರತದ ಕರ್ಣ ಮಾತ್ರ ಗೊತ್ತು, ಕಿವಿ ಅಂತ ಗೊತ್ತಿಲ್ಲ. ಕುಕ್ಷಿ ನಂಗೂ ಗೊತ್ತಿರ್ಲಿಲ್ಲ, ಹದಿನಾರು ವರ್ಷ ಪಾಠ ಮಾಡಿದೀನಿ, ನಿನ್ನೆ ಊಟದ ಹೊತ್ತಲ್ಲಿ ಕನ್ನಡದ ಸರ್‌ನ ಕೇಳಿದೆ, ಹೊಟ್ಟೆ ಅಂದ್ರು. ಹೃದಯಕ್ಕೆ ಎರಡು ಕಿವಿ, ಎರಡು ಹೊಟ್ಟೆ. ಆ ಪೀರಿಯಡ್ಡಿಗೆ ಅವರೂ ಬಂದು ಹಿಂದಿನ ಬೆಂಚಲ್ಲಿ ಕೂರ್ತಾರಂತೆ. ಹೋದ ವರ್ಷ ಬಂದಿದ್ದ ಸಾಹೇಬ್ರು ಇದನ್ನ ಓದ್ತಿದ್ರೆ ಅವರೂ ಬರ್ಬಹುದು, ಗುರುವಾರ ಮೂರನೇ ಪೀರಿಯಡ್ಡು, ಜಾಗ ಇದೆ.

ಇಂತಿ,
ಒಬ್ಬ ಸಿಬಿಝೆಡ್ ಟೀಚರ್